‘ಓದಲು ಮಾತ್ರ’ವೆಂದರೇನು?

ಕ್ಯಾಮೆರಾಗಳಲ್ಲಿ ಬಳಸುವ ದೊಡ್ಡ ಎಸ್‌ಡಿ ಕಾರ್ಡಿನ ಅಂಚಿನಲ್ಲಿ ಒಂದು ಪುಟ್ಟ ಗುಂಡಿಯುಂಟು. ಅದನ್ನು ಸರಿಸಿಬಿಟ್ಟರೆ ಇನ್ನು ಯಾರೂ ಕಾರ್ಡಿನ ಮೇಲೆ ಬರೆಯಲಾರರೆಂದು ನಮ್ಮಲ್ಲಿ ಅನೇಕರ ನಂಬಿಕೆ. ವಾಸ್ತವವಾಗಿ ಗುಂಡಿ ಸರಿದದ್ದು ಕಾರ್ಡಿಗೇ ತಿಳಿಯದು! ಕಾರ್ಡನ್ನು ಕೂಡಿಸಿಕೊಂಡ ಯಂತ್ರವು ಅದನ್ನು ಗಮನಿಸಿ ತಾನಾಗಿಯೇ ಕೈ ಹಿಂದೆಗೆಯಬೇಕು. ಗಣಕಯಂತ್ರದಲ್ಲಾದರೆ ಆ ಹೊಣೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ಲಿನದು.

ಬರೆಯಬಾರದೆಂದು ಕರ್ನಲ್ ಯಾವಾಗ ಹೇಳಬೇಕೆಂಬುದೇ ಮುಖ್ಯ ಪ್ರಶ್ನೆ. ಲಿನಕ್ಸನ್ನೇ ನೋಡೋಣ. ಅಲ್ಲಿ ಪ್ರೋಗ್ರಾಮು ಬರೆದದ್ದು ಕೂಡಲೆ ಡಿಸ್ಕಿಗೆ ಹೋಗುವುದಿಲ್ಲ. ಕರ್ನಲ್ ಅದನ್ನು ಸ್ಮರಣೆಯಲ್ಲಿಟ್ಟುಕೊಂಡು ‘ಆಯಿತು’ ಎಂದುಬಿಡುತ್ತದೆ. ಡಿಸ್ಕಿಗೆ ಸಾಗಿಸುವುದು ಆಮೇಲೆ, ಸಾಮಾನ್ಯವಾಗಿ ಅರ್ಧ ನಿಮಿಷದ ಸುಮಾರಿಗೆ. ಆಗ ಡಿಸ್ಕು ಒಲ್ಲೆನೆಂದರೆ ಕೇಳುವವರು ಯಾರು? ಪ್ರೋಗ್ರಾಮು ಮುಗಿದು ವಿದ್ಯಾರ್ಥಿ ಮನೆಗೆ ಹೋಗಿರುತ್ತಾನೆ. ಆದಕಾರಣ ಫೈಲನ್ನು ಬರೆಯಲೆಂದು ತೆರೆಯುವಾಗಲೇ ಕರ್ನಲ್ ೩೦ನೆಯ ಸಂಖ್ಯೆಯ ದೋಷವನ್ನು ತೋರಿಸಿ ಬಾಗಿಲಲ್ಲೇ ತಡೆಯುತ್ತದೆ.

ಆದರೆ ಬಾಗಿಲು ಅದೊಂದೇ ಅಲ್ಲ. ಫೈಲುಗಳ ಗೊಡವೆಯಿಲ್ಲದೆ ನೇರವಾಗಿ ಡಿಸ್ಕಿಗೇ ಬರೆಯುವ ದಾರಿಗಳೂ ಉಂಟು. ೨೦೧೮ರಲ್ಲಿ ಹೊರಬಂದ ೪.೧೬ನೆಯ ಆವೃತ್ತಿ ಅದನ್ನೂ ಮುಚ್ಚಿತು: ‘ಓದಲು ಮಾತ್ರ’ ಎಂಬ ಗುರುತುಳ್ಳ ಜಾಗಕ್ಕೆ ಎಲ್ಲಿಂದ ಬರಹ ಬಂದರೂ ತಿರಸ್ಕಾರ. ನ್ಯಾಯವಾದದ್ದೇ. ಆದರೆ ಎಲ್‌ವಿಎಂ ಎಂಬ ಉಪಕರಣವೊಂದುಂಟು. ಡಿಸ್ಕಿನ ಒಂದು ಕ್ಷಣದ ಸ್ಥಿತಿಯನ್ನು ಪ್ರತಿಯಾಗಿ ಹಿಡಿದಿಡುವುದು ಅದರ ಕೆಲಸಗಳಲ್ಲೊಂದು. ಅದರ ಹಳೆಯ ಆವೃತ್ತಿಗಳಲ್ಲಿ, ಪ್ರತಿಯನ್ನು ಇಡುವ ಜಾಗಕ್ಕೆ ಆ ಗುರುತು ಬಿದ್ದ ಮೇಲೂ ಅಲ್ಲಿಗೆ ಬರಹ ಸಾಗುತ್ತಲೇ ಇತ್ತು. ಹೊಸ ಕಟ್ಟಳೆಯಿಂದ ಪ್ರತಿ ತೆಗೆಯುವ ಕೆಲಸವೇ ಕೆಟ್ಟಿತು. ಅದೇ ವರ್ಷದ ಆಗಸ್ಟಿನಲ್ಲಿ ಲೀನಸ್ ಟೋರ್ವಾಲ್ಡ್ಸರು, ಕಟ್ಟಳೆ ಸರಿಯೆಂದು ಒಪ್ಪಿಯೂ, ಅದನ್ನು ಭಾಗಶಃ ಹಿಂತೆಗೆದರು. ಎಚ್ಚರಿಕೆಯ ಒಂದು ಸಾಲನ್ನು ದಾಖಲಿಸಿ ಬರಹವನ್ನು ಬಿಡುವುದೆಂದಾಯಿತು. ತರ್ಕಶಾಸ್ತ್ರದ ಮಿತ್ರರಿಗೆ ಇದು ಸೊಗಸದಿರಬಹುದು. ನಿನ್ನೆ ನಡೆಯುತ್ತಿದ್ದ ಕೆಲಸವನ್ನು ಇಂದು ಕೆಡಿಸದಿರುವುದೂ ಕರ್ನಲ್ಲಿನ ಧರ್ಮವೆಂದು ನನ್ನ ಅಭಿಪ್ರಾಯ.

ಇನ್ನೂ ಒಂದು ಸೋಜಿಗ. ಇಎಕ್ಸ್‌ಟಿ೪ ಎಂಬ ಫೈಲು ವ್ಯವಸ್ಥೆಯು ಮಾಡಬೇಕಾದ ಬದಲಾವಣೆಗಳನ್ನು ಮೊದಲು ಒಂದು ದಿನಚರಿಯಲ್ಲಿ ಗುರುತು ಹಾಕಿಕೊಳ್ಳುತ್ತದೆ. ವಿದ್ಯುತ್ತು ಹೋಗಿ ಕೆಲಸ ಅರ್ಧಕ್ಕೆ ನಿಂತಿತೆನ್ನಿ. ಆಮೇಲೆ ಆ ಡಿಸ್ಕನ್ನು ‘ಓದಲು ಮಾತ್ರ’ವೆಂದು ಜೋಡಿಸಿದರೂ ಕರ್ನಲ್ ದಿನಚರಿಯಲ್ಲಿ ಉಳಿದದ್ದನ್ನು ಡಿಸ್ಕಿಗೆ ಬರೆದು ಪೂರೈಸುತ್ತದೆ! ಮನೆಯ ಗಣಕಕ್ಕೆ ಇದು ಉಪಕಾರವೇ. ಆದರೆ ಆ ಡಿಸ್ಕು ನ್ಯಾಯಾಲಯಕ್ಕೆ ಹೋಗಬೇಕಾದ ಸಾಕ್ಷ್ಯವಾಗಿದ್ದರೆ? ಒಂದಕ್ಷರ ಬದಲಾದರೂ ಆಪಾದಿತನ ವಕೀಲರು ಬಿಟ್ಟಾರೆಯೆ? ‘ನೋಲೋಡ್’ ಎಂಬ ಆಯ್ಕೆಯನ್ನು ಕೊಟ್ಟರೆ ಕರ್ನಲ್ ದಿನಚರಿಯ ತಂಟೆಗೆ ಹೋಗುವುದಿಲ್ಲ. ಆದರೂ ತನಿಖೆಯವರು ಅಷ್ಟಕ್ಕೇ ನೆಚ್ಚಿಕೊಳ್ಳದೆ, ಡಿಸ್ಕಿಗೂ ಯಂತ್ರಕ್ಕೂ ನಡುವೆ ಬರಹದ ಆಜ್ಞೆಗಳನ್ನು ತಡೆಯುವ ಪ್ರತ್ಯೇಕ ಪೆಟ್ಟಿಗೆಯೊಂದನ್ನು ಜೋಡಿಸಿ, ಆ ಬಳಿಕವೇ ಡಿಸ್ಕನ್ನು ಓದಲು ತೊಡಗುತ್ತಾರೆ.