ತೂಬಾಸುರನಿಗೊಂದು ರೂಪ: ಡಿಜಿಟಲ್ ಕುಂಚದಲ್ಲಿ ರಕ್ಕಸನ ಸೃಷ್ಟಿ

ರಕ್ಕಸನೆಂದರೆ ಎರಡು ಕೊಂಬು, ಕೆಂಡದಂತಹ ಕಣ್ಣು, ಹೊರಚಾಚಿದ ಕೋರೆದಾಡೆ. ಕಂಪ್ಯೂಟರ್ ಆಟಗಳ ಮೂಲಕ ಜಗತ್ತಿನಾದ್ಯಂತ ಹಬ್ಬಿರುವ ಈ ಸಿದ್ಧ ಅಚ್ಚು ಕನ್ನಡದ ಯುವ ಚಿತ್ರಕಾರರ ಪರದೆಯ ಮೇಲೂ ಮತ್ತೆ ಮತ್ತೆ ಮೂಡುತ್ತಿದೆ. ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ಒಂದು ಸಾಲಿನ ಸೂಚನೆ ನೀಡಿದರೂ ಸಾಮಾನ್ಯವಾಗಿ ಎದುರಾಗುವುದು ಇದೇ ಮುಖ. ಹಾಗಿದ್ದಲ್ಲಿ ಸ್ವಂತದ್ದೆಂದು ಹೇಳಿಕೊಳ್ಳಬಹುದಾದ ರಕ್ಕಸನನ್ನು ರೂಪಿಸುವುದು ಹೇಗೆ? ಆತ ಯಾವ ಊರಿನವನು, ಯಾವ ಭಯದಿಂದ ಹುಟ್ಟಿದವನು ಎಂಬ ಪ್ರಶ್ನೆಯಿಂದಲೇ ಈ ಕೆಲಸ ಆರಂಭವಾಗಬೇಕು.

ಒಬ್ಬನೇ ಅಸುರ, ಮೂರು ರೂಪ

ಮಹಿಷಾಸುರನ ಕಥೆ ಒಂದೇ ಆದರೂ ಶಿಲ್ಪಿಗಳು ಆತನನ್ನು ಒಂದೇ ಬಗೆಯಲ್ಲಿ ಕಂಡವರಲ್ಲ. ಐಹೊಳೆಯ ದುರ್ಗ ದೇವಾಲಯದಲ್ಲಿ ಆತ ಕೋಣವಾಗಿಯೇ ದೇವಿಯ ಕಾಲ ಬಳಿ ಇದ್ದಾನೆ. 7ನೇ ಶತಮಾನದ ಮಹಾಬಲಿಪುರದ ಗುಹೆಯಲ್ಲಿ ಮನುಷ್ಯನ ಮೈಗೆ ಕೋಣನ ತಲೆ. ಮೈಸೂರಿನ ಚಾಮುಂಡಿ ಬೆಟ್ಟದ ಪ್ರತಿಮೆಯಲ್ಲಾದರೋ ಕೋಣನ ಸುಳಿವೇ ಇಲ್ಲ. ಒಂದು ಕೈಯಲ್ಲಿ ಖಡ್ಗ, ಇನ್ನೊಂದು ಕೈಯಲ್ಲಿ ಹಾವು ಹಿಡಿದ ಮೀಸೆಯ ವೀರ. ಮೊದಲನೆಯದು ಮೃಗಬಲವನ್ನೂ, ಎರಡನೆಯದು ಸರಿಸಮಾನ ಎದುರಾಳಿಯನ್ನೂ, ಮೂರನೆಯದು ರಾಜಗಾಂಭೀರ್ಯವನ್ನೂ ಹೇಳುತ್ತದೆ. ಏನು ಹೇಳಬೇಕೆಂಬುದು ನಿಶ್ಚಯವಾದ ಮೇಲೆಯೇ ರೂಪ ನಿಶ್ಚಯವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪಾಠ ಬೇಕಿಲ್ಲ.

ಊರಿನ ಭಯವೇ ಕಥೆ

ಉದಾಹರಣೆಗೆ, ಸಿಂಧನೂರು ತಾಲ್ಲೂಕಿನಲ್ಲಿ ತುಂಗಭದ್ರೆಯ ದಡದಲ್ಲಿರುವ ಮುಕ್ಕುಂದದಂತಹ ಊರಿನಿಂದ ಒಬ್ಬ ರಕ್ಕಸ ಹುಟ್ಟುವುದಾದರೆ ಆತ ಹೇಗಿದ್ದಾನು? ಈ ಸೀಮೆಯ ಬದುಕು ನಿಂತಿರುವುದು ನೀರಿನ ಮೇಲೆ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗಕ್ಕೆ ನೀರು ದಕ್ಕಿದರೂ ಕೆಳಭಾಗಕ್ಕೆ ತಲುಪುವುದಿಲ್ಲವೆಂಬುದು ರಾಯಚೂರು ಜಿಲ್ಲೆಯ ದಶಕಗಳ ಕೊರಗು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದು ಕೊಚ್ಚಿಹೋದಾಗ ಇಡೀ ಅಚ್ಚುಕಟ್ಟು ಪ್ರದೇಶ ನಿದ್ದೆಗೆಟ್ಟಿತ್ತು. ಕಾಲುವೆಯ ನೀರನ್ನು ದಾರಿಯಲ್ಲೇ ಕುಡಿದು ಮುಗಿಸುವ ಒಬ್ಬ ರಕ್ಕಸನನ್ನು ಇಲ್ಲಿ ಕಲ್ಪಿಸಿಕೊಳ್ಳಬಹುದು. ಆತನನ್ನು ತೂಬಾಸುರ ಎಂದು ಕರೆಯೋಣ.

ಕಥೆ ಸಿಕ್ಕೊಡನೆ ಅಂಗಾಂಗಗಳು ತಾವಾಗಿಯೇ ಒದಗುತ್ತವೆ. ಮೇಲ್ಮೈ ಪಾಚಿಗಟ್ಟಿ ತೊಯ್ದಿದೆ, ಹೊಟ್ಟೆ ಹಂಡೆಯಂತೆ ಉಬ್ಬಿದೆ. ಸೊಂಟದಿಂದ ಕೆಳಗೆ ಮಾತ್ರ ಬೇಸಿಗೆಯ ಎರೆಭೂಮಿಯಂತೆ ಮೈ ಬಿರುಕು ಬಿಟ್ಟಿದೆ. ಕಾಲುವೆಯ ಎರಡು ತುದಿಗಳೂ ಒಂದೇ ದೇಹದಲ್ಲಿವೆ. ಕೊಂಬಿನ ಜಾಗದಲ್ಲಿ ತೂಬಿನ ಬಾಗಿಲನ್ನು ಎತ್ತಿ ಇಳಿಸುವ ತಿರುಪಿನ ಸಲಾಕೆಗಳು. ಎಷ್ಟು ಕುಡಿದರೂ ತನ್ನ ಕಾಲಿಗೇ ನೀರು ಇಳಿಯದಿರುವುದು ಆತನ ಶಾಪ.

ನೆರಳಿನ ಪರೀಕ್ಷೆ

ಇಷ್ಟಾದ ಮೇಲೂ ಬಣ್ಣಕ್ಕೆ ಕೈಹಾಕುವಂತಿಲ್ಲ. ಅಂಗೈಯಗಲದ ಹತ್ತಾರು ಆಕೃತಿಗಳನ್ನು ಬರಿಯ ಕಪ್ಪಿನಲ್ಲಿ ತುಂಬಿ ನೋಡಬೇಕು. ಒಳಗಿನ ಯಾವ ವಿವರವೂ ಕಾಣದಿದ್ದಾಗ ಪಾತ್ರದ ಗುರುತು ಸಿಗುವುದೇ ಎಂಬುದೇ ಇಲ್ಲಿನ ಪರೀಕ್ಷೆ. ತೊಗಲು ಗೊಂಬೆಯಾಟದ ಕಲಾವಿದರಿಗೆ ಇದು ಹೊಸ ವಿಷಯವೇನಲ್ಲ. ಹದಮಾಡಿದ ತೊಗಲಿಗೆ ಬಣ್ಣ ಬಳಿದು, ರಂಧ್ರ ಕೊರೆದು, ಪರದೆಯ ಹಿಂದೆ ದೀಪವಿಟ್ಟು ಆಡಿಸುವ ಈ ಕಲೆಯಲ್ಲಿ ಪಾತ್ರವನ್ನು ಮೊದಲು ಹೇಳುವುದು ಅಂಚಿನ ರೇಖೆಯೇ. ನೆರೆಯ ಕೊಪ್ಪಳ ಜಿಲ್ಲೆಯ ಮೋರನಾಳ ಗ್ರಾಮದ ಹಿರಿಯ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿರುವುದು ಈ ಪರಂಪರೆಗೆ ದೊರೆತ ಮನ್ನಣೆ. ಆಕೃತಿಯ ಪಾಠ ಕಲಿಯಬಯಸುವ ಚಿತ್ರಕಾರ ಇಂತಹ ಆಟವೊಂದನ್ನು ಕುಳಿತು ನೋಡುವುದು ಲೇಸು.

ಪದರದ ಮೇಲೆ ಪದರ

ಡಿಜಿಟಲ್ ಚಿತ್ರಣದ ಮುಖ್ಯ ಅನುಕೂಲ ಪದರಗಳು, ಅಂದರೆ ಲೇಯರ್‌ಗಳು. ರೇಖೆ, ನೆರಳು, ಬಣ್ಣ, ಹಿನ್ನೆಲೆ ಇವೆಲ್ಲವನ್ನೂ ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳಂತೆ ಪ್ರತ್ಯೇಕವಾಗಿ ತಿದ್ದಬಹುದು. ಒತ್ತಡವನ್ನು ಗ್ರಹಿಸುವ ಪೆನ್ ಇದ್ದರೆ ಕೈಯ ಭಾರಕ್ಕೆ ತಕ್ಕಂತೆ ಗೆರೆ ದಪ್ಪವಾಗುತ್ತದೆ, ತೆಳುವಾಗುತ್ತದೆ. ದುಬಾರಿ ತಂತ್ರಾಂಶವೇ ಬೇಕೆಂದಿಲ್ಲ; ‘ಕ್ರಿತಾ’ ಎಂಬ ಮುಕ್ತ ತಂತ್ರಾಂಶ ಉಚಿತವಾಗಿ ಲಭ್ಯವಿದೆ. ಎ4 ಅಳತೆಯಲ್ಲಿ ಮುದ್ರಿಸುವ ಉದ್ದೇಶವಿದ್ದರೆ ಆರಂಭದಲ್ಲೇ 2480 × 3508 ಪಿಕ್ಸೆಲ್‌ಗಳ ಹಾಳೆ ತೆರೆಯಬೇಕು. ಚಿಕ್ಕದಾಗಿ ಬರೆದು ಆಮೇಲೆ ಹಿಗ್ಗಿಸಿದರೆ ಚಿತ್ರ ಮಸುಕಾಗುತ್ತದೆ.

ಮೊದಲ ಪದರದಲ್ಲಿ ಬೂದುಬಣ್ಣದ ಛಾಯೆಗಳಿಂದಲೇ ಬೆಳಕು ನೆರಳು ಗೊತ್ತುಪಡಿಸಬೇಕು. ಬೆಳಕು ಎತ್ತಣಿಂದ ಬರುತ್ತಿದೆ ಎಂಬುದನ್ನು ಒಮ್ಮೆ ನಿರ್ಧರಿಸಿದ ಮೇಲೆ ಬದಲಿಸಬಾರದು. ತೂಬಾಸುರನಿಗೆ ಪಡುವಣದ ಓರೆ ಬಿಸಿಲು ಒಪ್ಪುತ್ತದೆ: ತೊಯ್ದ ಹೆಗಲ ಮೇಲೆ ಚೂಪಾದ ಹೊಳಪು, ಒಣಗಿದ ಕಾಲಿನ ಮೇಲೆ ಹೊಳಪಿಲ್ಲದ ಮಂದ ಬೆಳಕು. ಹಸಿ ಮತ್ತು ಒಣ ಎಂಬ ವ್ಯತ್ಯಾಸವನ್ನು ಕಣ್ಣು ಗ್ರಹಿಸುವುದು ಬಣ್ಣಕ್ಕಿಂತ ಹೆಚ್ಚಾಗಿ ಈ ಹೊಳಪಿನಿಂದ. ವಿವರಗಳೆಲ್ಲವನ್ನೂ ಮೈತುಂಬ ಹರಡದೆ ಮುಖದ ಸುತ್ತ ಒತ್ತಾಗಿಟ್ಟು ಉಳಿದೆಡೆ ಸಡಿಲಬಿಡಬೇಕು. ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷಧಾರಿಗಳು ಅಕ್ಕಿಹಿಟ್ಟು, ಸುಣ್ಣ ಕಲಸಿ ಗಂಟೆಗಟ್ಟಲೆ ಚುಟ್ಟಿ ಇಡುವುದು ಮುಖಕ್ಕೇ. ದೂರದ ಪ್ರೇಕ್ಷಕನ ಕಣ್ಣು ನೆಡುವುದೂ ಅಲ್ಲಿಯೇ.

ಬಣ್ಣದ ಹೊಣೆ

ಇಲ್ಲೊಂದು ಎಚ್ಚರಿಕೆ ಅಗತ್ಯ. ರಕ್ಕಸನೆಂದೊಡನೆ ಕಪ್ಪು ಮೈಬಣ್ಣ, ದಪ್ಪ ತುಟಿ, ಗುಂಗುರು ಕೂದಲು ಬಳಸುವುದು ರೂಢಿಯಾಗಿಬಿಟ್ಟಿದೆ. ಇವು ನಮ್ಮ ನಡುವೆಯೇ ಇರುವ ಜನರ ಲಕ್ಷಣಗಳು. ಇಂತಹ ಚಿತ್ರ ನೋಡುತ್ತಾ ಬೆಳೆಯುವ ಮಗು ಕನ್ನಡಿಯ ಮುಂದೆ ನಿಂತಾಗ ಏನು ತಿಳಿದೀತು? ರಾಮನೂ ಕೃಷ್ಣನೂ ಶ್ಯಾಮವರ್ಣದವರೆಂದೇ ಪರಂಪರೆ ಹೇಳಿದೆ. ಕೇಡಿಗೆ ಮೈಬಣ್ಣದ ಹಂಗಿಲ್ಲ.

ತೂಬಾಸುರನ ವಿಷಯದಲ್ಲಂತೂ ಈ ಹೊಣೆ ಇನ್ನೂ ಹೆಚ್ಚು. ನೀರಿಗಾಗಿ ಮೇಲ್ಭಾಗದವರಿಗೂ ಕೆಳಭಾಗದವರಿಗೂ ತಿಕ್ಕಾಟ ನಡೆಯುವ ಸೀಮೆಯಲ್ಲಿ ಆತನಿಗೆ ಒಂದು ಬಗೆಯ ರುಮಾಲು ಸುತ್ತಿದರೆ, ಒಂದು ಸಮುದಾಯದ ಉಡುಗೆ ತೊಡಿಸಿದರೆ ಆ ಚಿತ್ರ ನೆರೆಯವನತ್ತ ಬೆರಳು ತೋರಿಸಿದಂತೆಯೇ ಸರಿ. ಪಾಚಿಯ ಹಸಿರು, ತುಕ್ಕಿನ ಕೆಂಪು, ಎರೆಮಣ್ಣಿನ ಕಪ್ಪು ಇವಿಷ್ಟೇ ಬಣ್ಣಗಳಲ್ಲಿ ಆತ ಮುಗಿಯಬೇಕು. ಆತ ದಾಹದ ರೂಪ. ಯಾವ ರೈತನ ರೂಪವೂ ಅಲ್ಲ.

ಯಾರ ಸ್ವತ್ತು?

ಮಹಿಷಾಸುರನಂತಹ ಪುರಾಣದ ಪಾತ್ರ ಯಾರೊಬ್ಬರ ಸ್ವತ್ತೂ ಅಲ್ಲ. ಆದರೆ ಒಬ್ಬ ಚಿತ್ರಕಾರ ರಚಿಸಿದ ಚಿತ್ರಕ್ಕೆ 1957ರ ಕೃತಿಸ್ವಾಮ್ಯ ಕಾಯಿದೆಯ ರಕ್ಷಣೆಯಿದೆ. ಅದಕ್ಕೆ ನೋಂದಣಿ ಕಡ್ಡಾಯವಲ್ಲ. ರಚನಕಾರನ ಜೀವಿತಾವಧಿ ಮತ್ತು ನಂತರದ 60 ವರ್ಷ ಹಕ್ಕು ಉಳಿಯುತ್ತದೆ. ಆರಂಭದ ಕರಡುಗಳನ್ನೂ ಪದರಗಳಿರುವ ಮೂಲ ಕಡತವನ್ನೂ ಅಳಿಸದೆ ಕಾಪಾಡಿಕೊಂಡರೆ ಮುಂದೆ ವಿವಾದ ಎದ್ದಾಗ ಅವೇ ಸಾಕ್ಷಿ.

ಚಿತ್ರ ಮುಗಿದ ಮೇಲೆ ಕೊನೆಯ ಪರೀಕ್ಷೆಯೊಂದು ಉಳಿಯುತ್ತದೆ. ಹೆಸರನ್ನೂ ಕಥೆಯನ್ನೂ ಹೇಳದೆ ಅದನ್ನು ಕಾಲುವೆಯ ಕೆಳಭಾಗದ ಒಬ್ಬ ರೈತರಿಗೆ ತೋರಿಸಬೇಕು. ಆ ಬಿರುಕುಬಿಟ್ಟ ಕಾಲುಗಳನ್ನು ಕಂಡು ಅವರಿಗೆ ತಮ್ಮ ಹೊಲ ನೆನಪಾದರೆ ಕೆಲಸ ಸಾರ್ಥಕ. ಯಾವುದೋ ಆಟದ ಭೂತವಿರಬೇಕೆಂದು ಅವರು ಪಕ್ಕಕ್ಕಿಟ್ಟರೆ ಮರಳಿ ಕಪ್ಪು ಆಕೃತಿಗಳಿಂದ ಆರಂಭಿಸುವುದೇ ಸರಿ.