ಶಿಷ್ಯರೂ ಊಟದ ಪಂಕ್ತಿಯೂ

ಪಿಸ್ಕಾಟವೇಗೆ ಬಂದ ಹೊಸದರಲ್ಲಿ ನಾವು ಮಕ್ಕಳನ್ನು ಭಾನುವಾರ ಒಂದು ಗಂಟೆ ಸಂಡೇ ಸ್ಕೂಲಿಗೆ ಬಿಟ್ಟು, ನಮ್ಮ ಕರ್ತವ್ಯ ಮುಗಿಯಿತೆಂದುಕೊಂಡಿದ್ದೆವು. ಒಂದು ದಿನ ಹಿರಿಯ ಮಗಳು, "ಅಪ್ಪಾ, ಮನೆಯಲ್ಲಿ ನೀವೇಕೆ ಪ್ರಾರ್ಥನೆ ಮಾಡುವುದಿಲ್ಲ?" ಎಂದು ಕೇಳಿಬಿಟ್ಟಳು. ನಮಗೆ ಉತ್ತರ ಹೊಳೆಯಲಿಲ್ಲ.

ಆಗ ನಮ್ಮೂರು ಮಂಗಳೂರಿಗೆ 1836ರಲ್ಲಿ ಬಂದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರು ನೆನಪಾದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದವರೆಂದು ಅವರನ್ನು ಕನ್ನಡಿಗರೆಲ್ಲ ಬಲ್ಲರು. ಆದರೆ ವಿದ್ಯಾರ್ಥಿಗಳೊಂದಿಗೆ ಒಂದೇ ಸೂರಿನಡಿ ಇದ್ದು, ಅವರ ಊಟವನ್ನೇ ಉಂಡರೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. 1844ರಲ್ಲಿ ದೀಕ್ಷಾಸ್ನಾನ ಹೊಂದಿದ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯರು ಬಾಸೆಲ್ಲಿನಲ್ಲಿ ಓದಿ ಹಿಂದಿರುಗಿ, ತಾವೂ ಬೋಧಕರಾದರು. ತೆತ್ತ ಬೆಲೆಯೇನು ಕಡಿಮೆಯಲ್ಲ. ಕೈಹಿಡಿದ ಪತ್ನಿಯೇ ದೂರವಾದಳು.

ನಮ್ಮ ರಸಾಯನ ಶಾಸ್ತ್ರದಲ್ಲೂ ಹೀಗೆಯೇ. ಟೈಟ್ರೇಷನ್ನನ್ನು ಯಾವ ಹನಿಗೆ ನಿಲ್ಲಿಸಬೇಕೆಂಬುದು ಬರೀ ಪುಸ್ತಕದಿಂದ ಬಾರದು. ಬಲ್ಲವರ ಪಕ್ಕದಲ್ಲಿ ನಿಂತು ಕಲಿಯಬೇಕು.

ಈಗ ಪ್ರತಿ ಶುಕ್ರವಾರ ಸಂಜೆ ನಮ್ಮ ಸಭೆಯ ಮೂರು ಕುಟುಂಬಗಳು ನಮ್ಮಲ್ಲಿ ಸೇರುತ್ತವೆ. ಅನ್ನ, ಸಾರು, ಸತ್ಯವೇದದ ಒಂದು ಅಧ್ಯಾಯ, ಮಕ್ಕಳ ಪ್ರಶ್ನೆಗಳು. (ಉತ್ತರ ಈಗಲೂ ಎಲ್ಲಕ್ಕೂ ಹೊಳೆಯುವುದಿಲ್ಲ!) ಕಳೆದ ವಾರ ಮಗಳೇ ಕನ್ನಡದಲ್ಲಿ ಪ್ರಾರ್ಥಿಸಿದಳು. ಎರಡು ವಾಕ್ಯ, ಮೂರು ತಪ್ಪು. ಯಾರೂ ತಿದ್ದಲಿಲ್ಲ.