ಮೊದಲು ಬರಹ, ಆಮೇಲೆ ಸ್ಲೈಡು

ಬೆಳಗಾವಿಯ ಟಿಳಕವಾಡಿಯಲ್ಲಿ ಆರ್‌ಪಿಡಿ, ಜಿಎಸ್‌ಎಸ್ ಕಾಲೇಜುಗಳಿವೆ. ಖಾನಾಪುರ ರಸ್ತೆ ಹಿಡಿದರೆ ಉದ್ಯಮಬಾಗದಲ್ಲಿ ಗೋಗಟೆ ತಾಂತ್ರಿಕ ಸಂಸ್ಥೆ, ಅದನ್ನೂ ದಾಟಿದರೆ ಮಚ್ಛೆಯ ಬಳಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸಿಗುತ್ತವೆ. ಇಲ್ಲೆಲ್ಲ ಸೆಮಿನಾರಿರಲಿ, ಪ್ರಾಜೆಕ್ಟ್ ವೈವಾ ಇರಲಿ, ಶಿಕ್ಷಕರ ತರಬೇತಿ ಇರಲಿ, ಇಂದು ಸ್ಲೈಡು ಇಲ್ಲದೆ ನಡೆಯುವುದು ಕಡಿಮೆ. ಇಂಗ್ಲಿಷಿನ ಸ್ಲೈಡು ಎಲ್ಲಿ ತೆರೆದರೂ ಓದಲು ಬರುತ್ತದೆ. ಕನ್ನಡದ ಸ್ಲೈಡಿಗೆ ಆ ಭರವಸೆ ಬಹಳ ಕಾಲ ಇರಲಿಲ್ಲ. ಮನೆಯಲ್ಲಿ ಅಚ್ಚುಕಟ್ಟಾಗಿ ಕಂಡ ಪಾಠ ಪೆನ್‌ಡ್ರೈವಿನಲ್ಲಿ ಸಭಾಂಗಣಕ್ಕೆ ಹೋದ ಕೂಡಲೇ ತಲೆಬುಡವಿಲ್ಲದ ರೋಮನ್ ಅಕ್ಷರಗಳ ಸಾಲಾಗಿಬಿಡುತ್ತಿತ್ತು.

ಕಾರಣ ಸರಳ. ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಕಡತದ ಒಳಗೆ ಕನ್ನಡವೇ ಇರುತ್ತಿರಲಿಲ್ಲ. ಇದ್ದದ್ದು ರೋಮನ್ ಅಕ್ಷರಗಳ ಸಂಕೇತ. ಅದಕ್ಕೆ ಕನ್ನಡದ ರೂಪ ಕೊಡುತ್ತಿದ್ದದ್ದು ಫಾಂಟು. ಫಾಂಟು ಇಲ್ಲದ ಯಂತ್ರದಲ್ಲಿ ಕನ್ನಡ ಮಾಯ. ಯುನಿಕೋಡ್ ಇದನ್ನು ಬುಡದಿಂದಲೇ ಸರಿಪಡಿಸಿತು. ಅಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತ ಚಿಹ್ನೆಗೂ ತನ್ನದೇ ಸಂಖ್ಯೆ ಇದೆ. ‘ಕ್ಷ’ ಎಂದು ಟೈಪಿಸಿದರೆ ಕಡತದಲ್ಲಿ ಕೂರುವುದು ಕ, ಹಲಂತದ ಗುರುತು, ಷ ಎಂಬ 3 ಸಂಕೇತಗಳು. ಒತ್ತಕ್ಷರವನ್ನು ಎಲ್ಲಿ ಹೇಗೆ ಕೂರಿಸಬೇಕೆಂಬುದು ಬ್ರೌಸರು ಮತ್ತು ಫಾಂಟಿನ ಕೆಲಸ. ನುಡಿ, ಬರಹ ತಂತ್ರಾಂಶಗಳೂ ಮುಂದೆ ಯುನಿಕೋಡನ್ನು ಒಪ್ಪಿಕೊಂಡವು.

ಈ ಅಧ್ಯಾಯದ ಮಾತು ಇದರ ಮುಂದಿನ ಹೆಜ್ಜೆಯದು. ಬರಹ ಸಾದಾ ಪಠ್ಯವಾಗಿಯೇ ಉಳಿಯಲಿ. ಸ್ಲೈಡು ಅದರಿಂದ ಹುಟ್ಟಲಿ.

ಗುರುತು ಹಾಕಿದ ಬರಹ

ಪವರ್‌ಪಾಯಿಂಟ್ ಮಾರುಕಟ್ಟೆಗೆ ಬಂದದ್ದು 1987ರಲ್ಲಿ. ಅಲ್ಲಿ ಪ್ರತಿ ಸ್ಲೈಡನ್ನೂ ಕೈಯಾರೆ ಜೋಡಿಸಬೇಕು. 2004ರಲ್ಲಿ ಜಾನ್ ಗ್ರೂಬರ್ ‘ಮಾರ್ಕ್‌ಡೌನ್’ ಎಂಬ ಬರವಣಿಗೆಯ ಕ್ರಮವನ್ನು ಹೊರತಂದರು. ಪಠ್ಯದ ನಡುವೆ ನಾಲ್ಕಾರು ಗುರುತು ಹಾಕಿದರೆ ಸಾಕು, ಯಾವುದು ತಲೆಬರಹ, ಯಾವುದು ಪಟ್ಟಿ ಎಂದು ಯಂತ್ರಕ್ಕೆ ತಿಳಿಯುತ್ತದೆ. ಗುರುತುಗಳಿದ್ದರೂ ಮನುಷ್ಯರಿಗೆ ಓದಲು ತೊಡಕಾಗುವುದಿಲ್ಲ.

ಟಿಳಕವಾಡಿಯದೇ ಒಂದು ಪಾಠವನ್ನು ತೆಗೆದುಕೊಳ್ಳೋಣ. ನೋಟ್‌ಪ್ಯಾಡಿನಲ್ಲಿ ಹೀಗೆ ಬರೆಯಿರಿ:

# ಬೆಳಗಾವಿ ಕಾಂಗ್ರೆಸ್, 1924

ನಮ್ಮ ಟಿಳಕವಾಡಿಯಲ್ಲಿ ನಡೆದ ಅಧಿವೇಶನ

---

# ಎಲ್ಲಿ, ಯಾವಾಗ?

- ಡಿಸೆಂಬರ್ 26 ಮತ್ತು 27
- ಬಯಲಿಗೆ ಇಟ್ಟ ಹೆಸರು: ವಿಜಯನಗರ
- ನೀರಿಗಾಗಿ ತೋಡಿದ ಬಾವಿ ಇಂದಿಗೂ ಇದೆ

---

# ಯಾರು?

- ಅಧ್ಯಕ್ಷರು: ಮಹಾತ್ಮ ಗಾಂಧಿ
- ಸಂಘಟನೆ: ಗಂಗಾಧರರಾವ್ ದೇಶಪಾಂಡೆ

ಇಷ್ಟರಲ್ಲಿ 3 ಸ್ಲೈಡುಗಳಿವೆ. # ಇದ್ದ ಸಾಲು ತಲೆಬರಹ. ಅಡ್ಡಗೆರೆಯಿಂದ ಶುರುವಾಗುವ ಸಾಲುಗಳು ಪಟ್ಟಿ. ಮೇಲೆ ಬಳಸದಿದ್ದರೂ, ಎರಡೆರಡು ನಕ್ಷತ್ರಗಳ ನಡುವಿನ ಪದ ದಪ್ಪಕ್ಷರ. ಮೂರು ಅಡ್ಡಗೆರೆ ಇದ್ದಲ್ಲಿ ಹೊಸ ಸ್ಲೈಡು. ಎರಡು ಕಡೆ ಕೈತಪ್ಪುವುದುಂಟು. # ಆದಮೇಲೆ ಒಂದು ಜಾಗ ಬಿಡದಿದ್ದರೆ ಅದು ತಲೆಬರಹ ಆಗದೇ ಹೋಗಬಹುದು. ಮೂರು ಗೆರೆಗಳ ಮೇಲೆ ಖಾಲಿ ಸಾಲು ಬಿಡದಿದ್ದರೆ ಸ್ಲೈಡು ಒಡೆಯುವುದಿಲ್ಲ. ಮೇಲಿನ ಸಾಲೇ ತಲೆಬರಹವಾಗಿಬಿಡುತ್ತದೆ.

ಬ್ರೌಸರಿನ ಒಳಗೆ

ಈ ಕಡತವನ್ನು ಪರಿವರ್ತಕ ತಂತ್ರಾಂಶಕ್ಕೆ ಕೊಡಬೇಕು. ತತ್ವಶಾಸ್ತ್ರದ ಪ್ರಾಧ್ಯಾಪಕ ಜಾನ್ ಮ್ಯಾಕ್‌ಫಾರ್ಲೇನ್ 2006ರಲ್ಲಿ ಶುರುಮಾಡಿದ ‘ಪ್ಯಾನ್‌ಡಾಕ್’, ಸ್ಲೈಡಿಗೆಂದೇ ಇರುವ ‘ಮಾರ್ಪ್’ ಇಂಥವು, ಎರಡೂ ಉಚಿತ. ಅವು ಗುರುತುಗಳನ್ನು ಓದಿ, ವೆಬ್ ಪುಟಗಳ ಭಾಷೆಯಾದ ಎಚ್‌ಟಿಎಂಎಲ್‌ಗೆ ತಿರುಗಿಸುತ್ತವೆ. ಬಣ್ಣ, ಅಳತೆ, ಅಂಚು ಇವೆಲ್ಲ ಬೇರೆಯದೇ ಶೈಲಿ ಕಡತದಲ್ಲಿರುತ್ತವೆ. ಬಾಣದ ಕೀಲಿ ಒತ್ತಿದಾಗ ಮುಂದಿನ ಸ್ಲೈಡನ್ನು ತೋರಿಸಿ ಹಿಂದಿನದನ್ನು ಮರೆಮಾಡುವುದು ಜಾವಾಸ್ಕ್ರಿಪ್ಟ್. ಬ್ರೌಸರಿನಲ್ಲೇ ಸ್ಲೈಡು ತೋರಿಸುವ ಈ ದಾರಿಯಲ್ಲಿ ಎರಿಕ್ ಮೆಯರ್ ಅವರ ‘ಎಸ್5’ 2004ರಲ್ಲಿ, ಡೇವ್ ರ‍್ಯಾಗೆಟ್ ಅವರ ‘ಸ್ಲೈಡಿ’ 2005ರಲ್ಲಿ ಬಂದವು. ಹಾಕಿಮ್ ಎಲ್ ಹತಾಬ್ 2011ರಲ್ಲಿ ಹೊರತಂದ ‘ರಿವೀಲ್’ ಇಂದು ಹೆಚ್ಚು ಬಳಕೆಯಲ್ಲಿದೆ. ರಿವೀಲಿನಲ್ಲಿ ಎಸ್ ಕೀಲಿ ಒತ್ತಿದರೆ ಮಾತನಾಡುವವರ ಟಿಪ್ಪಣಿ ಬೇರೊಂದು ಕಿಟಕಿಯಲ್ಲಿ ತೆರೆದುಕೊಳ್ಳುತ್ತದೆ. ಸಭಿಕರು ನೋಡುವ ಪರದೆಯ ಮೇಲೆ ಅದು ಬರುವುದಿಲ್ಲ.

ಗಾತ್ರದ ಲೆಕ್ಕವನ್ನೂ ನೋಡಿ. ಯುನಿಕೋಡ್ ಪಠ್ಯವನ್ನು ಕಡತದಲ್ಲಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟು ಬೇಕು. ಹತ್ತು ಸಾವಿರ ಸಂಕೇತಗಳ ದೊಡ್ಡ ಪಾಠವೂ 30 ಕಿಲೋಬೈಟ್ ದಾಟುವುದಿಲ್ಲ. ಮಳೆಗಾಲದಲ್ಲಿ ಕಣಕುಂಬಿ, ಜಾಂಬೋಟಿ ಕಡೆ ನೆಟ್‌ವರ್ಕ್ ಕೈಕೊಟ್ಟಾಗಲೂ ಇಷ್ಟು ಚಿಕ್ಕ ಕಡತ ಮೊಬೈಲಿನಿಂದ ಮೊಬೈಲಿಗೆ ಸಲೀಸಾಗಿ ದಾಟುತ್ತದೆ. ಶೈಲಿ, ಚಿತ್ರ, ಫಾಂಟು ಎಲ್ಲವನ್ನೂ ಒಂದೇ ಎಚ್‌ಟಿಎಂಎಲ್ ಕಡತದೊಳಗೆ ಸೇರಿಸುವ ಆಯ್ಕೆ ಪ್ಯಾನ್‌ಡಾಕಿನಲ್ಲಿದೆ. ಹಾಗೆ ಮಾಡಿಕೊಂಡರೆ ತರಗತಿಯಲ್ಲಿ ಇಂಟರ್ನೆಟ್ ಇಲ್ಲದಿದ್ದರೂ ಪಾಠ ನಿಲ್ಲುವುದಿಲ್ಲ.

ಕನ್ನಡಕ್ಕೆ ಬೇಕಾದ ಎಚ್ಚರ

ಸಿಗುವ ಸಿದ್ಧ ಶೈಲಿಗಳನ್ನು ಹೆಚ್ಚಾಗಿ ರೋಮನ್ ಲಿಪಿಗೆಂದು ಮಾಡಿರುತ್ತಾರೆ. ಅವನ್ನು ಹಾಗೇ ಬಳಸಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ‘ರಾಷ್ಟ್ರೀಯ’ ಎಂಬ ಪದದಲ್ಲಿ ಒಂದರ ಕೆಳಗೊಂದು ಒತ್ತು ಬರುವುದನ್ನು ನೆನೆಯಿರಿ. ಸಾಲಿನ ಎತ್ತರವನ್ನು ಅಕ್ಷರದ ಅಳತೆಯ ಒಂದೂವರೆ ಪಟ್ಟು ಇಟ್ಟರೆ ಓದಲು ಹಿತ. ಅಕ್ಷರಗಳ ನಡುವಿನ ಅಂತರವನ್ನು ಹಿಗ್ಗಿಸಬೇಡಿ. ವಾಲಿದ ಅಕ್ಷರ ನಮ್ಮ ಲಿಪಿಗೆ ಒಗ್ಗುವುದಿಲ್ಲ. ಒತ್ತು ಕೊಡಲು ದಪ್ಪಕ್ಷರ ಸಾಕು. ನೋಟೋ ಸಾನ್ಸ್ ಕನ್ನಡದಂಥ ಮುಕ್ತ ಫಾಂಟನ್ನು ಕಡತದೊಳಗೇ ಸೇರಿಸಿದರೆ ಎಲ್ಲ ಯಂತ್ರಗಳಲ್ಲೂ ಒಂದೇ ರೂಪ ಕಾಣುತ್ತದೆ. ಉಳಿಸುವಾಗ ಯುಟಿಎಫ್-8 ಎಂಬುದನ್ನೇ ಆರಿಸಿ. ಹಳೆಯ ನೋಟ್‌ಪ್ಯಾಡಿನಲ್ಲಿ ಇದನ್ನು ಮರೆತರೆ ಕನ್ನಡದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಉಳಿಯುತ್ತವೆ. ವಿಂಡೋಸ್ 10ರ 2019ರ ಆವೃತ್ತಿಯಿಂದೀಚೆಗೆ ನೋಟ್‌ಪ್ಯಾಡು ತಾನಾಗಿಯೇ ಯುಟಿಎಫ್-8ರಲ್ಲಿ ಉಳಿಸುತ್ತದೆ.

ಹಲವು ಲಿಪಿಗಳ ಊರಿನಲ್ಲಿ

ಬೆಳಗಾವಿ, ಖಾನಾಪುರದಲ್ಲಿ ಕನ್ನಡ, ಮರಾಠಿ, ಉರ್ದು ಮಾಧ್ಯಮದ ಶಾಲೆಗಳು ಅಕ್ಕಪಕ್ಕದಲ್ಲೇ ಇವೆ. ಯುನಿಕೋಡಿನ ಸಾದಾ ಕಡತದಲ್ಲಿ ಮೂರೂ ಲಿಪಿಗಳು ಒಟ್ಟಿಗೆ ಕೂರುತ್ತವೆ; ಲಿಪಿ ಬದಲಾದಾಗಲೆಲ್ಲ ಫಾಂಟು ಬದಲಿಸುತ್ತ ಕೂರಬೇಕಿಲ್ಲ. 1924ರ ಪಾಠವನ್ನೇ ಒಬ್ಬರು ಕನ್ನಡದಲ್ಲಿ ಬರೆದರೆ, ಇನ್ನೊಬ್ಬರು ಅದೇ ಗುರುತುಗಳ ನಡುವೆ ಸಾಲಿಗೆ ಸಾಲು ಮರಾಠಿ ತುಂಬಬಹುದು. ಶೈಲಿ ಕಡತ ಎರಡಕ್ಕೂ ಒಂದೇ. ಕನ್ನಡ ಶಾಲೆಯ ಮಕ್ಕಳಿಗೆ, ಆ ಅಧಿವೇಶನದಲ್ಲಿ ಹುಯಿಲಗೋಳ ನಾರಾಯಣರಾಯರ ಗೀತೆ ಮೊಳಗಿದ್ದನ್ನೂ, ಅದೇ ಸಂದರ್ಭದಲ್ಲಿ ಕರ್ನಾಟಕ ಏಕೀಕರಣ ಸಮಾವೇಶ ನಡೆದದ್ದನ್ನೂ ಹೇಳುವ ಸ್ಲೈಡೊಂದನ್ನು ಸೇರಿಸಬೇಕೇ? ನಾಲ್ಕು ಸಾಲು ಬರೆದರೆ ಆಯಿತು.

ಪುಟದ ಮೂಲೆ ಮೂಲೆಗೂ ಚಿತ್ರ ಜೋಡಿಸುವವರಿಗೆ, ಕ್ಲಿಷ್ಟ ಚಲನೆ ಬೇಕಾದವರಿಗೆ ಈ ದಾರಿ ಹೊಂದದು. ಅವರಿಗೆ ಪವರ್‌ಪಾಯಿಂಟೇ ಅನುಕೂಲ. ವಿಷಯವೇ ಮುಖ್ಯವಾದ ಪಾಠ, ಉಪನ್ಯಾಸ, ವರದಿಗಳಿಗೆ ಮಾತ್ರ ಇದಕ್ಕಿಂತ ಬಾಳಿಕೆಯ ದಾರಿ ಇಲ್ಲ. ತಂತ್ರಾಂಶ ಯಾವುದು ಹೋದರೂ ಸಾದಾ ಪಠ್ಯ ತೆರೆದುಕೊಳ್ಳುತ್ತದೆ.

ಮಾಡಿ ನೋಡಿ

1. ನಿಮ್ಮ ಊರಿನ ಕೆರೆ, ಗುಡಿ ಅಥವಾ ಹೋರಾಟದ ಬಗ್ಗೆ 5 ಸ್ಲೈಡಿನಷ್ಟು ಬರೆಯಿರಿ. ಒಂದು ಸ್ಲೈಡಿನಲ್ಲಿ 4 ಸಾಲಿಗಿಂತ ಹೆಚ್ಚು ಬೇಡ.

2. ಮಾರ್ಪ್ ಅಥವಾ ಪ್ಯಾನ್‌ಡಾಕ್ ಬಳಸಿ ಎಚ್‌ಟಿಎಂಎಲ್ ಮಾಡಿ. ಕಂಪ್ಯೂಟರು, ಮೊಬೈಲು ಎರಡರಲ್ಲೂ ತೆರೆದು ಒತ್ತಕ್ಷರಗಳನ್ನು ಪರೀಕ್ಷಿಸಿ.

3. ಇಂಟರ್ನೆಟ್ ಸಂಪರ್ಕ ತೆಗೆದು ಮತ್ತೊಮ್ಮೆ ತೆರೆಯಿರಿ. ಫಾಂಟು, ಚಿತ್ರ ಕಾಣದಿದ್ದರೆ ಅವು ಕಡತದೊಳಗೆ ಸೇರಿಲ್ಲ ಎಂದರ್ಥ.

4. ಪಾಠವನ್ನು ಬೇರೆ ಶಿಕ್ಷಕರಿಗೆ ಕಳಿಸುವಾಗ ಸ್ಲೈಡಿನ ಜೊತೆ ಮೂಲ ಪಠ್ಯವನ್ನೂ ಕಳಿಸಿ. ಅವರು ತಪ್ಪು ತಿದ್ದಲಿ, ತಮ್ಮೂರಿನ ಸಂಗತಿ ಸೇರಿಸಲಿ, ತಮ್ಮ ಭಾಷೆಗೆ ತಂದುಕೊಳ್ಳಲಿ.